ವ್ಯಾಟ್ ನೋಡಿ ಬೆಳಕು ಅಳೆಯಬೇಡಿ

"ಗ್ಯಾರೇಜಲ್ಲಿ ರಾತ್ರಿ ಕೆಲಸ ಇದೆ, ಒಂದು ಇನ್ನೂರು ವ್ಯಾಟಿನ ಬುರುಡೆ ಬಲ್ಬ್ ಕೊಡಿ." ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಈ ಮಾತು ಇವತ್ತಿಗೂ ಕಿವಿಗೆ ಬೀಳುತ್ತದೆ. ಎಲ್‌ಇಡಿ ತೋರಿಸಿದರೆ "ಮೂವತ್ತು ವ್ಯಾಟ್ ಎಲ್ಲಿ ಸಾಕಾಗುತ್ತೆ?" ಎಂಬ ಅನುಮಾನ. ವ್ಯಾಟ್ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ಎಂಬ ಈ ನಂಬಿಕೆ ಕೇಳಿ ಕೇಳಿ ಸಾಕಾಗಿದೆ.

ವ್ಯಾಟ್ ಎಂದರೆ ಬಲ್ಬ್ ಎಳೆಯುವ ಕರೆಂಟಿನ ಲೆಕ್ಕ. ಬೆಳಕಿನ ಲೆಕ್ಕ ಲ್ಯೂಮೆನ್. ಗಾಡಿ ಎಷ್ಟು ಪೆಟ್ರೋಲ್ ಕುಡಿಯುತ್ತದೆ ಎಂಬುದಷ್ಟನ್ನೇ ಕೇಳಿ ಯಾವ ಮೆಕ್ಯಾನಿಕ್ಕೂ ಅದನ್ನು ಮೆಚ್ಚುವುದಿಲ್ಲ, ಮೈಲೇಜ್ ಕೇಳುತ್ತಾನೆ. ಬಲ್ಬಿನ ವಿಷಯ ಬಂದಾಗ ಅದೇ ಮನುಷ್ಯ ಹೆಚ್ಚು ಕುಡಿಯುವುದನ್ನೇ ಆರಿಸಿಕೊಳ್ಳುತ್ತಾನೆ! 60 ವ್ಯಾಟಿನ ಬುರುಡೆ ಬಲ್ಬ್ ಕೊಡುವುದು ಸುಮಾರು 700 ಲ್ಯೂಮೆನ್. 9 ವ್ಯಾಟಿನ ಒಳ್ಳೆಯ ಎಲ್‌ಇಡಿ 800ರಿಂದ 900. ಅಂಗಡಿಯಲ್ಲಿ ಕೇಳುವ ಆ ಇನ್ನೂರು ವ್ಯಾಟಿನ ಬುರುಡೆ ಬಲ್ಬಿನ ಬೆಳಕನ್ನು 30 ವ್ಯಾಟಿನ ಎಲ್‌ಇಡಿ ಆರಾಮಾಗಿ ಕೊಡುತ್ತದೆ. 2015ರಲ್ಲಿ ಶುರುವಾದ ಉಜಾಲಾ ಯೋಜನೆ ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಮನೆಗಳಿಗೆ ಮುಟ್ಟಿಸಿತು. ಆ ಬೆಳಕಲ್ಲೇ ಮಕ್ಕಳನ್ನು ಓದಿಸಿದವರು ಗ್ಯಾರೇಜಿಗೆ ಬಂದೊಡನೆ ಹಳೇ ಲೆಕ್ಕಕ್ಕೇ ಮರಳುತ್ತಾರೆ.

ಇದು ಬರೀ ಕರೆಂಟ್ ಬಿಲ್ಲಿನ ಮಾತಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬುರುಡೆ ಬಲ್ಬ್ ಎಳೆದ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಶಾಖವಾಗಿ ಹೋಗುತ್ತದೆ. ಒಳಗಿನ ತಂತಿ 2,500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉರಿಯುತ್ತಿರುತ್ತದೆ. ಅಂಥ ಬಲ್ಬನ್ನು ಹ್ಯಾಂಡ್ ಲ್ಯಾಂಪಿಗೆ ಹಾಕಿ, ಬಾನೆಟ್ಟಿಗೆ ಸಿಕ್ಕಿಸಿ, ಕೆಳಗೆ ಪೆಟ್ರೋಲ್ ಪೈಪ್ ಬಿಚ್ಚುತ್ತಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ಗಾಡಿಯ ಕೆಳಗಿನ ಪಿಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ಬಿಸಿ ಗಾಜಿನ ಮೇಲೆ ಒಂದು ಹನಿ ಬಿದ್ದು ಗಾಜು ಸಿಡಿದರೆ, ಲ್ಯಾಂಪ್ ಕೈಜಾರಿ ಪಿಟ್ಟಿಗೆ ಬಿದ್ದು ಒಡೆದರೆ, ಕೆಂಡವಾದ ತಂತಿ ಮತ್ತು ಆವಿಯ ನಡುವೆ ಏನೂ ಉಳಿಯುವುದಿಲ್ಲ. ಹಳೆಯ ಹ್ಯಾಂಡ್ ಲ್ಯಾಂಪ್ ಒಂದನ್ನು, ಪ್ಲಗ್ ಕಿತ್ತು, ಬಿಚ್ಚಿ ನೋಡಿ: ಹೋಲ್ಡರ್ ಕಂದಿ ಬಿರುಕು ಬಿಟ್ಟಿರುತ್ತದೆ, ವೈರಿನ ಹೊದಿಕೆ ಗಡುಸಾಗಿ ಬೆರಳಲ್ಲಿ ಮುರಿದರೆ ಪುಡಿಯಾಗುತ್ತದೆ. ಅದು ಆ ಶಾಖದ್ದೇ ಕೆಲಸ.

ಹಾಗಂತ ಎಲ್‌ಇಡಿ ಬಿಸಿಯೇ ಆಗುವುದಿಲ್ಲ ಎಂಬುದೂ ಸುಳ್ಳು. ಅದರ ಬುಡ ಕಾಯುತ್ತದೆ, ಗಾಳಿಯಾಡದ ಡಬ್ಬಿಯೊಳಗೆ ಹಾಕಿದರೆ ಬೇಗ ಹಾಳಾಗುತ್ತದೆ. ಬೆಳ್ಳಗೆ ಕಂಡದ್ದೆಲ್ಲ ಪ್ರಖರ ಬೆಳಕಲ್ಲ. ಕೆಂಪು ವೈರು, ಕಿತ್ತಳೆ ವೈರು ಬೇರೆಬೇರೆಯಾಗಿ ಕಾಣಬೇಕಾದರೆ ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ) 80ಕ್ಕಿಂತ ಕಡಿಮೆ ಇರಬಾರದು.

ಲ್ಯೂಮೆನ್ ಎಷ್ಟೆಂಬುದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ವ್ಯಾಟಿಗೆ ಎಷ್ಟು ಲ್ಯೂಮೆನ್ ಎಂಬುದರ ಮೇಲೆ ಕೊಟ್ಟ ಸ್ಟಾರ್‌ಗಳೂ ಅಲ್ಲೇ ಇರುತ್ತವೆ. ಅದನ್ನು ಓದುವುದು ಬಿಟ್ಟು ಪಕ್ಕದ ಗ್ಯಾರೇಜಿನವರು ಏನು ಹಾಕಿದ್ದಾರೆ ಎಂದು ನೋಡುತ್ತೇವೆ. ಅವರು ಇನ್ನೊಬ್ಬರನ್ನು ನೋಡಿ ಹಾಕಿರುತ್ತಾರೆ. ಔಷಧಿ, ಗೊಬ್ಬರ, ಎಂಜಿನ್ ಆಯಿಲ್, ಎಲ್ಲದರಲ್ಲೂ ನಮ್ಮದು ಇದೇ ಪಾಡು. ಕಣ್ಣೆದುರಿನ ಅಕ್ಷರಕ್ಕಿಂತ ಬಾಯಿಮಾತಿಗೆ ಬೆಲೆ ಹೆಚ್ಚು.

ಅಂಗಡಿಯಲ್ಲಿ ಇನ್ನು ಮುಂದೆ ಲ್ಯೂಮೆನ್ ಎಷ್ಟು ಎಂದು ಕೇಳಿ. ಪೆಟ್ರೋಲ್ ಕೆಲಸ ನಡೆಯುವ ಕಡೆ ಬುರುಡೆ ಬಲ್ಬ್ ನೇತಾಡುತ್ತಿದ್ದರೆ, ದಯವಿಟ್ಟು ಇವತ್ತೇ ತೆಗೆಸಿ.