ಹೊಣೆಯಿಲ್ಲದ ಅಧಿಕಾರ

ಅಂಗಡಿಗೆ ಹೋದ ಗೃಹಸ್ಥನು ವರ್ತಕನ ತಕ್ಕಡಿಯನ್ನು ಎರಡು ಬಾರಿ ನೋಡುತ್ತಾನೆ. ಹಾಲಿನವನ ಅಳತೆಯನ್ನು ಗೃಹಿಣಿಯು ದಿನವೂ ಪರೀಕ್ಷಿಸುತ್ತಾಳೆ. ಆದರೆ ಬೆಳಗಾದೊಡನೆ ಮನೆಯ ಬಾಗಿಲಿಗೆ ಬಂದು ಬೀಳುವ ವೃತ್ತಪತ್ರಿಕೆಯ ತೂಕವನ್ನು ಪರೀಕ್ಷಿಸತಕ್ಕವರು ಬಹಳ ವಿರಳ. ಅಚ್ಚಾದುದೆಲ್ಲವೂ ನಿಜವೆಂದು ನಾವು ನಂಬುತ್ತೇವೆ. ಅಚ್ಚು ಹಾಕಿಸಿದವರು ಯಾರು, ಅವರ ಅಭಿಲಾಷೆಯೇನು, ಅವರು ಯಾವುದನ್ನು ಅಚ್ಚು ಹಾಕಿಸದೆ ಬಿಟ್ಟರು ಎಂಬ ಪ್ರಶ್ನೆಗಳು ನಮ್ಮ ಮನಸ್ಸಿಗೆ ಸುಲಭವಾಗಿ ಹೊಳೆಯುವುದಿಲ್ಲ. ಈ ಪ್ರಶ್ನೆಗಳನ್ನು ಒಬ್ಬ ರಾಜಕಾರಣಿಯು ಬಹಿರಂಗ ಸಭೆಯಲ್ಲಿ ಎತ್ತಿ, ತನ್ನ ಸ್ಥಾನವನ್ನೇ ಪಣವಾಗಿಟ್ಟು ಹೋರಾಡಿದ ಸಂಗತಿಯನ್ನು ನಮ್ಮ ವಾಚಕರ ಮುಂದೆ ಇಡಬೇಕೆಂದು ನಾವು ಬಯಸುತ್ತೇವೆ. ಅದು ನಡೆದುದು ಇಂಗ್ಲೆಂಡಿನಲ್ಲಿ, 1931ನೆಯ ಇಸವಿಯಲ್ಲಿ. ಭರತಖಂಡದ ಭವಿಷ್ಯವೂ ಅದರಲ್ಲಿ ತೊಡಕಿಕೊಂಡಿತ್ತಾದ ಕಾರಣ, ಅದು ನಮಗೆ ಕೇವಲ ಪರದೇಶದ ಕಥೆಯಲ್ಲ.

ಆ ರಾಜಕಾರಣಿಯ ಹೆಸರು ಸ್ಟ್ಯಾನ್ಲಿ ಬಾಲ್ಡ್ವಿನ್. ಕಬ್ಬಿಣದ ಕಾರ್ಖಾನೆಗಳನ್ನು ನಡೆಸುತ್ತಿದ್ದ ಮನೆತನದಲ್ಲಿ 1867ರಲ್ಲಿ ಹುಟ್ಟಿದ ಈತನು ಎರಡು ಬಾರಿ ಪ್ರಧಾನಮಂತ್ರಿಯಾಗಿದ್ದು, 1929ರ ಚುನಾವಣೆಯಲ್ಲಿ ಸೋತು, ಕನ್ಸರ್ವೇಟಿವ್ ಪಕ್ಷದ ನಾಯಕನಾಗಿ ವಿರೋಧಪಕ್ಷದಲ್ಲಿ ಕುಳಿತಿದ್ದನು. ಸೋತ ನಾಯಕನಿಗೆ ಮಿತ್ರರು ಕಡಮೆ. ಅಂತಹ ಸಮಯದಲ್ಲಿ ಇಬ್ಬರು ಪತ್ರಿಕಾಧಿಪತಿಗಳು ಈತನ ಮೇಲೆ ಎದ್ದರು.

ಅವರಲ್ಲಿ ಒಬ್ಬನು ಲಾರ್ಡ್ ರಾದರ್ಮಿಯರ್. ಇವನ ಅಣ್ಣನಾದ ಲಾರ್ಡ್ ನಾರ್ತ್‌ಕ್ಲಿಫ್ 1896ರಲ್ಲಿ ಸ್ಥಾಪಿಸಿದ್ದ 'ಡೈಲಿ ಮೇಲ್' ಪತ್ರಿಕೆಯು 1922ರಲ್ಲಿ ಅಣ್ಣನು ತೀರಿಕೊಂಡ ಮೇಲೆ ಇವನ ಕೈಗೆ ಬಂದಿತ್ತು. ಇನ್ನೊಬ್ಬನು ಕೆನಡಾ ದೇಶದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದು 'ಡೈಲಿ ಎಕ್ಸ್‌ಪ್ರೆಸ್' ಪತ್ರಿಕೆಯ ಒಡೆಯನಾದ ಲಾರ್ಡ್ ಬೀವರ್‌ಬ್ರೂಕ್. ಈ ಎರಡು ಪತ್ರಿಕೆಗಳಲ್ಲಿ ಒಂದೊಂದೂ ದಿನಕ್ಕೆ ಹದಿನೈದು ಲಕ್ಷ ಪ್ರತಿಗಳಿಗೆ ಮೀರಿ ಮಾರಾಟವಾಗುತ್ತಿತ್ತು. ಸಂಜೆಯ ಪತ್ರಿಕೆಗಳೂ ಭಾನುವಾರದ ಪತ್ರಿಕೆಗಳೂ ಇವರ ಕೈಯಲ್ಲಿ ಬೇರೆ ಇದ್ದುವು. ಹೀಗೆ ಇಬ್ಬರು ಮನುಷ್ಯರ ಇಷ್ಟಾನಿಷ್ಟಗಳು ದಿನದಿನವೂ ಲಕ್ಷಾಂತರ ಮನೆಗಳನ್ನು ಹೊಗುತ್ತಿದ್ದುವು.

ಬ್ರಿಟಿಷ್ ಸಾಮ್ರಾಜ್ಯದೊಳಗೆ ಸುಂಕವಿಲ್ಲದ ವ್ಯಾಪಾರ ನಡೆಯಬೇಕು, ಹೊರಗಿನ ಸರಕಿಗೆ ಸುಂಕ ಬೀಳಬೇಕು ಎಂಬುದು ಬೀವರ್‌ಬ್ರೂಕನ ಹಟ. ಹಾಗಾದರೆ ಬಡವನು ತಿನ್ನುವ ರೊಟ್ಟಿಯ ಬೆಲೆ ಏರುವುದೆಂದು ಬಾಲ್ಡ್ವಿನ್ ಹಿಂದೆಗೆದನು. ಎರಡನೆಯ ಕಲಹಕ್ಕೆ ಕಾರಣವಾದುದು ನಮ್ಮ ದೇಶ. 1929ರ ಅಕ್ಟೋಬರಿನಲ್ಲಿ ವೈಸರಾಯಿ ಇರ್ವಿನ್ ಪ್ರಭುವು ಭಾರತಕ್ಕೆ ಡೊಮಿನಿಯನ್ ಪದವಿಯೇ ಗುರಿಯೆಂದು ಸಾರಿದಾಗ ಬಾಲ್ಡ್ವಿನ್ ಅದನ್ನು ಬೆಂಬಲಿಸಿದನು. ರಾದರ್ಮಿಯರನ ಪತ್ರಿಕೆಗಳು ಅದನ್ನು ಉಗ್ರವಾಗಿ ಖಂಡಿಸಿದುವು. 1931ರ ಜನವರಿಯಲ್ಲಿ ಚರ್ಚಿಲ್ ಇದೇ ವಿಷಯಕ್ಕಾಗಿ ಬಾಲ್ಡ್ವಿನ್ನನ ಆಪ್ತ ಮಂಡಲಿಯನ್ನು ಬಿಟ್ಟು ಹೊರಬಂದನು.

ಪತ್ರಿಕೆಯು ನಾಯಕನನ್ನು ಟೀಕಿಸುವುದರಲ್ಲಿ ತಪ್ಪೇನೂ ಇಲ್ಲ. ಅದು ಅದರ ಧರ್ಮವೇ ಸರಿ. ಆದರೆ ಇಲ್ಲಿ ನಡೆದುದು ಟೀಕೆಯ ಎಲ್ಲೆಯನ್ನು ಮೀರಿತು. ತನ್ನ ಬೆಂಬಲ ಬೇಕಾದರೆ, ಮುಂದೆ ರಚಿಸುವ ಮಂತ್ರಿಮಂಡಲದಲ್ಲಿ ಮುಖ್ಯರಾದ ಎಂಟು ಹತ್ತು ಮಂದಿಯ ಹೆಸರುಗಳನ್ನಾದರೂ ತನಗೆ ಮೊದಲೇ ತಿಳಿಸಬೇಕೆಂದು ರಾದರ್ಮಿಯರ್ ಪತ್ರ ಬರೆದನು. ಜನರು ಯಾವ ಚುನಾವಣೆಯಲ್ಲಿಯೂ ಆರಿಸದ ಒಬ್ಬ ಮನುಷ್ಯನು ರಾಜ್ಯದ ಮಂತ್ರಿಗಳ ಪಟ್ಟಿಯನ್ನು ಕೇಳುವುದೆಂದರೇನು! 1930ರ ಜೂನ್ 24ರಂದು ಬಾಲ್ಡ್ವಿನ್ ಆ ಪತ್ರವನ್ನು ಪಕ್ಷದ ಸಭೆಯಲ್ಲಿ ಬಯಲಿಗಿಟ್ಟು, ಇಷ್ಟು ಉದ್ಧಟವಾದ ಬೇಡಿಕೆಯನ್ನು ಯಾವ ಪಕ್ಷದ ನಾಯಕನ ಮುಂದೆಯೂ ಯಾರೂ ಇಟ್ಟಿರಲಿಲ್ಲವೆಂದು ನುಡಿದನು.

ಪತ್ರಿಕಾಧಿಪತಿಗಳು ಸುಮ್ಮನಾಗಲಿಲ್ಲ. ಉಪಚುನಾವಣೆಗಳಲ್ಲಿ ಬಾಲ್ಡ್ವಿನ್ನನ ಪಕ್ಷದವರ ಎದುರಿಗೆ ತಮ್ಮ ಅಭ್ಯರ್ಥಿಗಳನ್ನೇ ನಿಲ್ಲಿಸಿದರು. ಅಕ್ಟೋಬರ್ 30ರಂದು ದಕ್ಷಿಣ ಪ್ಯಾಡಿಂಗ್ಟನ್ನಿನಲ್ಲಿ ಅವರ ಅಭ್ಯರ್ಥಿಯು 941 ಮತಗಳಿಂದ ಗೆದ್ದನು. ಅದೇ ದಿನ ಪಕ್ಷದ ಸಭೆಯು 462ಕ್ಕೆ 116 ಮತಗಳಿಂದ ಬಾಲ್ಡ್ವಿನ್ನನನ್ನು ಉಳಿಸಿಕೊಂಡಿತಾದರೂ ಅವನ ಬಲ ಕುಗ್ಗುತ್ತಲೇ ಹೋಯಿತು. 1931ರ ಮಾರ್ಚ್ 1ರಂದು ಅವನ ಪಕ್ಷದವರೇ ಅವನು ನಿವೃತ್ತನಾಗುವುದು ಲೇಸೆಂಬ ಅಭಿಪ್ರಾಯವನ್ನು ಅವನಿಗೆ ಮುಟ್ಟಿಸಿದರು. ಅವನೂ ಒಪ್ಪಿದ್ದನು. ಆದರೆ ಹಳೆಯ ಸ್ನೇಹಿತನಾದ ಬ್ರಿಡ್ಜ್‌ಮನ್ ಬಂದು, ಹೋಗುವುದಾದರೆ ಕಾದಾಡಿಯೇ ಹೋಗಬೇಕೆಂದು ಹೇಳಲು, ಬಾಲ್ಡ್ವಿನ್ ಮನಸ್ಸನ್ನು ಬದಲಾಯಿಸಿದನು.

ಕಾದಾಟಕ್ಕೆ ಕಣವೂ ಸಿದ್ಧವಾಗಿತ್ತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇಂಟ್ ಜಾರ್ಜ್ ಕ್ಷೇತ್ರದ ಸದಸ್ಯನು ಕಾಲವಾದ್ದರಿಂದ ಅಲ್ಲಿ ಉಪಚುನಾವಣೆ ಬಂದಿತ್ತು. ಪತ್ರಿಕಾಧಿಪತಿಗಳ ಬೆಂಬಲದಿಂದ ಸರ್ ಅರ್ನೆಸ್ಟ್ ಪೆಟರ್ ಎಂಬ ಉದ್ಯಮಿಯು ನಿಂತನು. ಬಾಲ್ಡ್ವಿನ್ನನ ನಾಯಕತ್ವವನ್ನು ಸಮರ್ಥಿಸಲು ತನ್ನಿಂದಾಗದೆಂದು ಪಕ್ಷದ ಮೊದಲಿನ ಅಭ್ಯರ್ಥಿಯು ಹಿಂದಕ್ಕೆ ಸರಿದನು. ಆಗ ಡಫ್ ಕೂಪರ್ ಎಂಬ ತರುಣ ರಾಜಕಾರಣಿಯು ಮುಂದೆ ಬಂದು ಆ ಭಾರವನ್ನು ಹೊತ್ತನು. ಮಾರ್ಚ್ 5ರಂದು ಗಾಂಧಿ-ಇರ್ವಿನ್ ಒಪ್ಪಂದವಾಗಿತ್ತು. ಮಾರ್ಚ್ 12ರಂದು ಬಾಲ್ಡ್ವಿನ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಭಾರತದ ವಿಷಯದಲ್ಲಿ ತನ್ನ ನಿಲುವನ್ನು ಅಳುಕದೆ ಎತ್ತಿಹಿಡಿದನು.

ಈ ನಡುವೆ 'ಡೈಲಿ ಮೇಲ್' ಒಂದು ಬರಹವನ್ನು ಪ್ರಕಟಿಸಿತು. ಬಾಲ್ಡ್ವಿನ್ನನಿಗೆ ತಂದೆಯಿಂದ ಬಂದ ಅಪಾರ ಐಶ್ವರ್ಯವು ಬಹುಮಟ್ಟಿಗೆ ಕರಗಿಹೋಗಿದೆ. ತನ್ನ ಸೊತ್ತನ್ನೇ ಕಳೆದುಕೊಂಡವನು ದೇಶದ ಸೊತ್ತನ್ನು ಹೇಗೆ ಉದ್ಧರಿಸುವನು ಎಂಬುದು ಅದರ ತಾತ್ಪರ್ಯ. ಇಲ್ಲಿ ವಾಚಕರು ಒಂದು ಮಾತನ್ನು ತಿಳಿಯಬೇಕು. 1919ರಲ್ಲಿ 'ಟೈಮ್ಸ್' ಪತ್ರಿಕೆಯಲ್ಲಿ ನಿಜವಾದ ಹೆಸರಿಲ್ಲದ ಒಂದು ಪತ್ರವು ಅಚ್ಚಾಗಿತ್ತು. ಯುದ್ಧದ ಸಾಲದಿಂದ ಕುಗ್ಗಿದ ದೇಶಕ್ಕೆ ಧನಿಕರು ತಾವಾಗಿಯೇ ನೆರವಾಗಬೇಕೆಂದೂ, ಬರೆದವನು ತನ್ನ ಆಸ್ತಿಯ ಐದರಲ್ಲೊಂದು ಪಾಲನ್ನು ಹಾಗೆ ಒಪ್ಪಿಸುವನೆಂದೂ ಅದರಲ್ಲಿತ್ತು. ಬರೆದವನು ಬಾಲ್ಡ್ವಿನ್ನನೇ. ಸುಮಾರು 1,20,000 ಪೌಂಡುಗಳನ್ನು ಕೊಟ್ಟು ಸರ್ಕಾರದ ಸಾಲಪತ್ರಗಳನ್ನು ಕೊಂಡು, ಅವುಗಳನ್ನು ರದ್ದುಮಾಡಲು ಸರ್ಕಾರಕ್ಕೆ ಒಪ್ಪಿಸಿದ್ದನು. ಇಂತಹವನನ್ನು ಹಣ ಕಳೆದವನೆಂದು ಹೀಯಾಳಿಸಿದರು!

ಮಾರ್ಚ್ 17ರ ಸಂಜೆ ಕ್ವೀನ್ಸ್ ಹಾಲಿನ ಸಭೆಯಲ್ಲಿ ಬಾಲ್ಡ್ವಿನ್ ಉತ್ತರ ಕೊಟ್ಟನು. ಆ ಬರಹದಲ್ಲಿ ಮೊದಲ ಭಾಗವು ಸುಳ್ಳು, ಎರಡನೆಯದರ ಸೂಚನೆಯು ಅಸತ್ಯ. ಸಭ್ಯನಾದವನು ಹೀಗೆ ಬರೆಯಲಾರ. ನ್ಯಾಯಾಲಯಕ್ಕೆ ಹೋದರೆ ಕ್ಷಮಾಪಣೆಯೂ ಭಾರಿ ಪರಿಹಾರವೂ ದೊರೆಯುವುವೆಂದು ವಕೀಲರು ಹೇಳಿದ್ದರಂತೆ. ಆದರೆ ಅವರ ಕ್ಷಮಾಪಣೆಗೆ ಬೆಲೆಯಿಲ್ಲ, ಅವರ ಹಣವನ್ನು ತಾನು ದೂರದಿಂದಲೂ ಮುಟ್ಟುವುದಿಲ್ಲ ಎಂದನು. ಬಳಿಕ ಅವರ ವಿಧಾನಗಳನ್ನು ಒಂದೊಂದಾಗಿ ಎಣಿಸಿದನು: ನೇರವಾದ ಸುಳ್ಳು, ಅರ್ಧಸತ್ಯ, ಒಂದು ವಾಕ್ಯವನ್ನು ಸಂದರ್ಭದಿಂದ ಕಿತ್ತು ಅರ್ಥಗೆಡಿಸುವುದು, ಭಾಷಣವನ್ನು ವರದಿ ಮಾಡದೆಯೇ ಅದನ್ನು ಸಂಪಾದಕೀಯದಲ್ಲಿ ಖಂಡಿಸುವುದು. ಕೊನೆಗೆ, ಈ ಒಡೆಯರು ಬಯಸುವುದು ಅಧಿಕಾರವನ್ನು, ಅದರಲ್ಲಿಯೂ ಹೊಣೆಯಿಲ್ಲದ ಅಧಿಕಾರವನ್ನು. ಅದು ಯುಗಯುಗಗಳಿಂದ ವಾರಾಂಗನೆಯರಿಗೆ ಸಂದ ಹಕ್ಕು ಎಂದು ಮುಗಿಸಿದನು. ಈ ಕಟುವಾದ ಉಕ್ತಿಯನ್ನು ಅವನಿಗೆ ಒದಗಿಸಿದವನು ಮುಂಬಯಿಯಲ್ಲಿ ಹುಟ್ಟಿದ ಗ್ರಂಥಕರ್ತನೂ ಅವನ ತಾಯಿಯ ಅಕ್ಕನ ಮಗನೂ ಆದ ಕಿಪ್ಲಿಂಗ್ ಎಂದು ಹೇಳುತ್ತಾರೆ.

ಎರಡು ದಿನಗಳ ಮೇಲೆ ಮತದಾನವಾಯಿತು. ಡಫ್ ಕೂಪರನಿಗೆ 17,242 ಮತಗಳೂ ಪೆಟರನಿಗೆ 11,532 ಮತಗಳೂ ಬಂದುವು. ಬಾಲ್ಡ್ವಿನ್ ಉಳಿದನು. ತಿಂಗಳು ಮುಗಿಯುವುದರೊಳಗೆ ಬೀವರ್‌ಬ್ರೂಕ್ ಸಂಧಿ ಮಾಡಿಕೊಂಡನು. 1935ರಲ್ಲಿ ಇಂಡಿಯಾ ಸರ್ಕಾರದ ಕಾಯಿದೆಯು ಅಂಗೀಕೃತವಾದಾಗ ಬಾಲ್ಡ್ವಿನ್ನನೇ ಮತ್ತೆ ಪ್ರಧಾನಮಂತ್ರಿಯಾಗಿದ್ದನು.

ಇಷ್ಟರಿಂದ ಬಾಲ್ಡ್ವಿನ್ನನನ್ನು ನಿರ್ದೋಷಿಯೆಂದು ಕೊಂಡಾಡುವುದು ನಮ್ಮ ಉದ್ದೇಶವಲ್ಲ. 1936ರಲ್ಲಿ ಎಂಟನೆಯ ಎಡ್ವರ್ಡ್ ದೊರೆಯ ವಿವಾಹದ ವಿಷಯವನ್ನು ಇಂಗ್ಲೆಂಡಿನ ಪತ್ರಿಕೆಗಳೆಲ್ಲವೂ ತಿಂಗಳುಗಟ್ಟಲೆ ಮುಚ್ಚಿಟ್ಟಾಗ ಅವನು ಅದಕ್ಕೆ ಆಕ್ಷೇಪಿಸಲಿಲ್ಲ. ಆ ಮೌನವನ್ನು ಏರ್ಪಡಿಸಿದವರಲ್ಲಿ ಬೀವರ್‌ಬ್ರೂಕನೂ ಒಬ್ಬನು. 1931ರಲ್ಲಿಯೂ ಬಾಲ್ಡ್ವಿನ್ ಒಂಟಿಯಾಗಿರಲಿಲ್ಲ. 'ಟೈಮ್ಸ್', 'ಡೈಲಿ ಟೆಲಿಗ್ರಾಫ್' ಮೊದಲಾದ ಪತ್ರಿಕೆಗಳು ಅವನ ಮಾತನ್ನು ಜನರಿಗೆ ಮುಟ್ಟಿಸಿದುವು. ಈ ಅಂಶವೇ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಎಲ್ಲ ಪತ್ರಿಕೆಗಳೂ ಆ ಇಬ್ಬರ ಕೈಯಲ್ಲಿಯೇ ಇದ್ದಿದ್ದರೆ ಕ್ವೀನ್ಸ್ ಹಾಲಿನ ಭಾಷಣವು ಆ ನಾಲ್ಕು ಗೋಡೆಗಳ ಹೊರಗೆ ಯಾರಿಗೆ ಕೇಳಿಸುತ್ತಿತ್ತು?

1934ರ ಜನವರಿಯಲ್ಲಿ ರಾದರ್ಮಿಯರ್ ತನ್ನ ಪತ್ರಿಕೆಯಲ್ಲಿ ಮೋಸ್ಲಿಯ ಕರಿಯಂಗಿ ದಳವನ್ನು ಬಹಿರಂಗವಾಗಿ ಹೊಗಳಿದನು. ಎರಡನೆಯ ಮಹಾಯುದ್ಧದ ಬಳಿಕ, 1947ರಲ್ಲಿ, ಪತ್ರಿಕೆಗಳ ಒಡೆತನವನ್ನು ವಿಚಾರಿಸಲು ರಾಯಲ್ ಕಮಿಷನ್ ನೇಮಕವಾಯಿತು. ಅದರ ಮುಂದೆ ಬೀವರ್‌ಬ್ರೂಕ್, ತಾನು ಪತ್ರಿಕೆಯನ್ನು ನಡೆಸುವುದು ಪ್ರಚಾರಕ್ಕಾಗಿಯೇ ಹೊರತು ಬೇರೆ ಉದ್ದೇಶಕ್ಕಲ್ಲವೆಂದು ಮುಚ್ಚುಮರೆಯಿಲ್ಲದೆ ಸಾಕ್ಷ್ಯ ನುಡಿದನು. ಒಡೆತನವು ಅಪಾಯದ ಮಟ್ಟವನ್ನು ಮುಟ್ಟಿಲ್ಲವೆಂದು ಕಮಿಷನ್ 1949ರಲ್ಲಿ ತೀರ್ಮಾನಿಸಿತಾದರೂ, ಪತ್ರಿಕೋದ್ಯಮದವರೇ ಒಂದು ಮಂಡಲಿಯನ್ನು ಸ್ಥಾಪಿಸಿಕೊಳ್ಳಬೇಕೆಂದು ಸಲಹೆ ಮಾಡಿತು. ಅದು 1953ರಲ್ಲಿ ಕಾರ್ಯಗತವಾಯಿತು.

ಈಗ ವರ್ತಮಾನವು ಕಾಗದದಲ್ಲಿ ಮಾತ್ರವಲ್ಲದೆ ದೂರದರ್ಶನದಲ್ಲಿಯೂ ಅಂಗೈಯಗಲದ ಯಂತ್ರದಲ್ಲಿಯೂ ನಮ್ಮ ಮನೆಗೆ ಬರುತ್ತಿದೆ. ಬಾಗಿಲುಗಳು ಹೆಚ್ಚಿದರೂ ಅವುಗಳ ಬೀಗದ ಕೈಗಳು ಎಷ್ಟು ಮಂದಿಯ ಬಳಿ ಇವೆಯೆಂದು ಕೇಳುವ ಅಗತ್ಯವು ಕಡಮೆಯಾಗಿಲ್ಲ. ಕಾಯಿದೆಗಳ ಮಾತು ಹಾಗಿರಲಿ. ಗೃಹಸ್ಥರಾದ ನಾವು ಮಾಡಬಹುದಾದುದೂ ಕೆಲವುಂಟು. ಒಂದೇ ಪತ್ರಿಕೆಯನ್ನು ನೆಚ್ಚದೆ, ಬೇರೆ ಒಡೆಯನ ಇನ್ನೊಂದನ್ನೂ ಆಗಾಗ ಓದಬೇಕು. ಯಾರನ್ನಾದರೂ ಖಂಡಿಸಿ ಬರೆದಾಗ, ಅವರು ಆಡಿದ ಮಾತು ಪೂರ್ತಿಯಾಗಿ ಅಲ್ಲಿ ಅಚ್ಚಾಗಿದೆಯೇ ಎಂದು ಹುಡುಕಬೇಕು. ಮನೆಯ ಮಕ್ಕಳು ಸುದ್ದಿಯನ್ನು ಓದಿ ಹೇಳಿದಾಗ, "ಇದನ್ನು ಹೇಳಿದವರು ಯಾರು?" ಎಂದು ಒಮ್ಮೆ ಕೇಳಿದರೂ ಸಾಕು, ಅವರು ಅದನ್ನು ಮರೆಯುವುದಿಲ್ಲ.