ನಿವೃತ್ತಿಯ ನಂತರ ಹೊಸ ಊರಿನಲ್ಲಿ ನೆಲೆಸುವ ಮುನ್ನ: ಭಾಲ್ಕಿ ತಾಲ್ಲೂಕಿನ ಮೆಹಕರ ಮತ್ತು ಸುತ್ತಲಿನ ಪ್ರದೇಶ

ಸೇವೆಯಿಂದ ನಿವೃತ್ತರಾದ ಬಳಿಕ ನಗರವಾಸವನ್ನು ತೊರೆದು ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಭಾಗದ ಸಣ್ಣ ಊರುಗಳಲ್ಲಿ ನೆಲೆಸಲು ಇಚ್ಛಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮೆಹಕರ ಗ್ರಾಮವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಮೊದಲಿಗೆ ಒಂದು ಸಣ್ಣ ಎಚ್ಚರಿಕೆ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿಯೂ ಇದೇ ಹೆಸರಿನ ತಾಲ್ಲೂಕು ಕೇಂದ್ರವಿದೆ. ಆದುದರಿಂದ ಯಾವುದೇ ಅರ್ಜಿಯಲ್ಲಿ ‘ಮೆಹಕರ’ ಎಂದಷ್ಟೇ ಬರೆಯದೆ, ತಾಲ್ಲೂಕು ಭಾಲ್ಕಿ, ಜಿಲ್ಲೆ ಬೀದರ್ ಎಂದು ಪಿನ್ ಕೋಡ್ ಸಹಿತ ನಮೂದಿಸತಕ್ಕದ್ದು.

ಈ ಪ್ರದೇಶವು ರಾಜ್ಯದ ಗಡಿಗೆ ಹೊಂದಿಕೊಂಡಿದೆ. 1956ರ ನವೆಂಬರ್ 1ರ ರಾಜ್ಯ ಪುನರ್‌ವಿಂಗಡಣೆಗೆ ಮುನ್ನ ಉದಗೀರ, ನಿಲಂಗಾ, ಅಹ್ಮದಪುರ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯಲ್ಲಿಯೇ ಇದ್ದವು. ಗಡಿರೇಖೆ ಬದಲಾದರೂ ಬೀಗತನ, ಸಂತೆ, ವ್ಯಾಪಾರಗಳು ಹಾಗೆಯೇ ಉಳಿದುಬಂದಿವೆ. ಕನ್ನಡದೊಂದಿಗೆ ಮರಾಠಿ, ಉರ್ದು ಭಾಷೆಗಳು ನಿತ್ಯವ್ಯವಹಾರದಲ್ಲಿವೆ. ದಕ್ಷಿಣ ಜಿಲ್ಲೆಗಳಿಂದ ಬರುವವರಿಗೆ ಮೊದಲ ಕೆಲವು ತಿಂಗಳು ಇದು ಅಪರಿಚಿತವೆನಿಸಬಹುದು; ಹೈದರಾಬಾದ್ ಅಥವಾ ಲಾತೂರಿನಲ್ಲಿ ಇದ್ದವರಿಗೆ ತೊಡಕಾಗಲಾರದು.

ಊರನ್ನು ನೋಡುವ ಕ್ರಮ

ದೀಪಾವಳಿಯ ರಜೆಯಲ್ಲಿ ಒಮ್ಮೆ ಬಂದು, ಹಸಿರು ಹೊಲಗಳನ್ನು ಕಂಡು, ಮನೆ ಕೊಳ್ಳಲು ನಿರ್ಧರಿಸುವುದು ಸೂಕ್ತವಲ್ಲ. ಅದೇ ಊರನ್ನು ಮೇ ತಿಂಗಳಲ್ಲಿಯೂ ಮಳೆಗಾಲದ ನಡುವೆಯೂ ನೋಡತಕ್ಕದ್ದು. ಬೇಸಿಗೆಯಲ್ಲಿ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಕೊಳವೆಬಾವಿಗಳು ಯಾವ ತಿಂಗಳಲ್ಲಿ ಬತ್ತುತ್ತವೆ ಎಂಬುದನ್ನು ಮನೆ ಮಾರುವವರಿಂದಲ್ಲ, ನೆರೆಮನೆಯ ಹೆಂಗಸರಿಂದ ಕೇಳಿ ತಿಳಿಯುವುದು ಮೇಲು. 2016ರ ಬರಗಾಲದಲ್ಲಿ ಮಾಂಜ್ರಾ ಕಣಿವೆಯ ಮೇಲ್ಭಾಗದಲ್ಲಿರುವ ಲಾತೂರಿಗೆ ರೈಲಿನ ಮೂಲಕ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಅದೇ ಕಣಿವೆಯ ಊರುಗಳಲ್ಲಿ ನೆಲೆಸುವವರು ಇದನ್ನು ಮರೆಯುವಂತಿಲ್ಲ.

ಕಪ್ಪು ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅಡಿಪಾಯ ಸರಿಯಿಲ್ಲದ ಮನೆಗಳ ಗೋಡೆಗಳು ಸೀಳುತ್ತವೆ. 1993ರ ಸೆಪ್ಟೆಂಬರ್ 30ರಂದು ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಸಾವಿರಾರು ಜನರು ಮಣ್ಣು ಮತ್ತು ಕಲ್ಲಿನ ಭಾರವಾದ ಮನೆಗಳಡಿ ಸಿಕ್ಕಿ ಮೃತಪಟ್ಟರು. ಹಳೆಯ ಕಲ್ಲಿನ ಮನೆ ಅಗ್ಗದಲ್ಲಿ ದೊರೆತರೂ ಅನುಭವಿ ಇಂಜಿನಿಯರರಿಂದ ಪರಿಶೀಲಿಸದೆ ಮುಂಗಡ ನೀಡಬಾರದು. ಒಂದು ವರ್ಷ ಬಾಡಿಗೆಗೆ ಇದ್ದು ನೋಡುವುದು ಇವೆಲ್ಲಕ್ಕಿಂತ ಸುರಕ್ಷಿತವಾದ ಮಾರ್ಗ.

ವೈದ್ಯಕೀಯ ಸೌಲಭ್ಯದ ಬಗ್ಗೆ ವಿಶೇಷ ಗಮನ ಅವಶ್ಯ. ತಾಲ್ಲೂಕು ಆಸ್ಪತ್ರೆಯು ಭಾಲ್ಕಿಯಲ್ಲಿದೆ. ಹೆಚ್ಚಿನ ಚಿಕಿತ್ಸೆಗೆ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಂದರೆ ಭಾಲ್ಕಿಯಿಂದ ಮತ್ತೆ ಸುಮಾರು 40 ಕಿ.ಮೀ. ದೂರ ಹೋಗಬೇಕು. ಹೃದ್ರೋಗ ಅಥವಾ ಡಯಾಲಿಸಿಸ್ ಅಗತ್ಯವುಳ್ಳವರು ಗ್ರಾಮಕ್ಕಿಂತ ಭಾಲ್ಕಿ ಪಟ್ಟಣವನ್ನೋ ಬೀದರ್ ನಗರವನ್ನೋ ಆಯ್ದುಕೊಳ್ಳುವುದು ಒಳಿತು. ಗಡಿಯಾಚೆಯ ಉದಗೀರದ ಆಸ್ಪತ್ರೆಯಲ್ಲಿ ತಮ್ಮ ಆರೋಗ್ಯ ವಿಮೆ ಅನ್ವಯವಾಗುವುದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಮಹಿಳೆಯರಿಗೆ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣವು ಸಹ ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸುವುದಿಲ್ಲ.

ಆಸ್ತಿ ಮತ್ತು ದಾಖಲೆಗಳು

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ ಅಥವಾ ನಿವೇಶನಕ್ಕೆ ಇ-ಸ್ವತ್ತು ತಂತ್ರಾಂಶದಿಂದ ನೀಡಿದ ನಮೂನೆ 9 ಮತ್ತು 11ನ್ನು, ಉಪ ನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನು ಪಡೆದು ನೋಡತಕ್ಕದ್ದು. ಜಮೀನಾದಲ್ಲಿ ಪಹಣಿಯೊಂದೇ ಸಾಲದು. ಈ ಭಾಗದ ಹಳೆಯ ಹಕ್ಕುಗಳನ್ನು ತಿಳಿಯಲು 1954-55ರ ಖಾಸ್ರಾ ಪಹಣಿಯನ್ನು ನೋಡುವ ರೂಢಿಯಿದೆ. ಸಂಸ್ಥಾನ ಕಾಲದ ಕಾಗದಪತ್ರಗಳು ಉರ್ದುವಿನಲ್ಲಿರುವುದರಿಂದ ಓದಿಸಿ ಅರ್ಥಮಾಡಿಕೊಳ್ಳುವುದು ಅವಶ್ಯ.

ಹೊಸ ಮನೆಗಾಗಿ ನಗರದ ಮನೆಯನ್ನು ಮಾರುವವರು, ಅಥವಾ ಅದನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಟ್ಟು ಹೊರಡುವವರು ಸ್ವಲ್ಪ ನಿಧಾನಿಸಬೇಕು. ಊರು ಒಗ್ಗದೆ ಹಿಂದಿರುಗಬೇಕಾದಾಗ ಬಾಗಿಲು ತೆರೆದಿರಬೇಕಷ್ಟೆ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ 23ನೇ ಕಲಮಿನಂತೆ, ಪೋಷಣೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ಪೋಷಿಸದಿದ್ದಲ್ಲಿ, ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸುವಂತೆ ನ್ಯಾಯಮಂಡಳಿಯನ್ನು ಕೋರಬಹುದು. ಆ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ಕ್ಷೇಮ. ಬಾಯಿಮಾತಿನ ಭರವಸೆಯನ್ನು ಸಾಬೀತುಪಡಿಸುವುದು ಕಷ್ಟ. ಅರ್ಜಿಯನ್ನು ಉಪವಿಭಾಗಾಧಿಕಾರಿಗಳಿಗೆ ಸಲ್ಲಿಸಬೇಕು.

ಉಳಿದ ಬದಲಾವಣೆಗಳು ಸುಲಭ. ಮತದಾರರ ಪಟ್ಟಿಯಲ್ಲಿ ವಾಸಸ್ಥಳ ಬದಲಾವಣೆಗೆ ನಮೂನೆ 8 ಸಲ್ಲಿಸಬೇಕು. ಪಡಿತರವನ್ನು ಹೊಸ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಬೆರಳಚ್ಚು ನೀಡಿ ಪಡೆಯಬಹುದು. ಭವಿಷ್ಯ ನಿಧಿಯ ಪಿಂಚಣಿದಾರರು 2025ರ ಜನವರಿಯಿಂದ ಪಿಂಚಣಿ ಆದೇಶವನ್ನು ಕಚೇರಿಯಿಂದ ಕಚೇರಿಗೆ ವರ್ಗಾಯಿಸಬೇಕಾಗಿಲ್ಲ. ರಾಜ್ಯ ಸರ್ಕಾರದ ಪಿಂಚಣಿದಾರರು ತಮ್ಮ ಬ್ಯಾಂಕಿನಲ್ಲಿ ವಿಚಾರಿಸಿ, ಖಜಾನೆಗೆ ಹೊಸ ವಿಳಾಸ ತಿಳಿಸಬೇಕು. ವಯಸ್ಸಿನಿಂದ ಬೆರಳಚ್ಚು ಸವೆದು ಯಂತ್ರ ಗುರುತಿಸದಿದ್ದಲ್ಲಿ, ಡಿಜಿಟಲ್ ಜೀವನ್ ಪ್ರಮಾಣ್ ಪತ್ರವನ್ನು ಮುಖಚಹರೆಯ ಮೂಲಕವೂ ಪಡೆಯಬಹುದು. ಅಂಚೆ ಸಿಬ್ಬಂದಿಯಿಂದ ಮನೆಯಲ್ಲಿಯೇ ಈ ಸೇವೆ ದೊರೆಯುತ್ತದೆ. ಹಿರಿಯ ನಾಗರಿಕರು ಮಾಹಿತಿ ಹಾಗೂ ನೆರವಿಗಾಗಿ 14567 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.