ಮಗುವಿನ ಮನಸ್ಸಿಗೆ ಮನೆಯೇ ನೆರಳು



‘ಸ್ವಸ್ಥ’ ಎಂಬ ಶಬ್ದವನ್ನು ನೀವೆಲ್ಲರೂ ಬಲ್ಲಿರಿ. ಸ್ವ ಎಂದರೆ ತಾನು, ಸ್ಥ ಎಂದರೆ ನೆಲೆನಿಂತವನು. ತನ್ನಲ್ಲಿ ತಾನು ನೆಲೆನಿಂತವನೇ ಸ್ವಸ್ಥನು. ಸುಶ್ರುತಾಚಾರ್ಯರು ಆರೋಗ್ಯವಂತನ ಲಕ್ಷಣವನ್ನು ಹೇಳುವಾಗ ದೇಹದ ದೋಷ, ಅಗ್ನಿ, ಧಾತುಗಳ ಸಮತೆಯನ್ನಷ್ಟೇ ಹೇಳಿ ಬಿಡಲಿಲ್ಲ. ಆತ್ಮ, ಇಂದ್ರಿಯ, ಮನಸ್ಸುಗಳು ಪ್ರಸನ್ನವಾಗಿರಬೇಕೆಂಬುದನ್ನೂ ಸೇರಿಸಿದರು. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಮಗುವಿಗೆ ಜ್ವರ ಬಂದರೆ ಅಪರಾತ್ರಿಯಲ್ಲಿಯೂ ಜೀಪು ಮಾಡಿಕೊಂಡು ಮೂಡಿಗೆರೆಗೆ ಓಡುತ್ತೀರಿ. ಅದೇ ಮಗುವಿನ ಮನಸ್ಸು ನೊಂದರೆ ಹಠವೆಂದೋ, ಸೋಮಾರಿತನವೆಂದೋ, ಗಾಳಿ ಸೋಂಕಿದೆಯೆಂದೋ ಹೆಸರಿಟ್ಟು ಸುಮ್ಮನಾಗುತ್ತೀರಿ. ಹೀಗೆ ಹೇಳುವ ನಾವೂ ಒಮ್ಮೆ ಹಾಗೆಯೇ ಮಾಡಿದೆವು. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

2019ರ ಆಗಸ್ಟ್ ತಿಂಗಳ ಮಳೆಯನ್ನು ಈ ಸೀಮೆಯವರು ಮರೆತಿಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡಗಳು ಜರಿದವು. ಮನೆ, ಗದ್ದೆ, ತೋಟಗಳು ಕಣ್ಣೆದುರೇ ಮಣ್ಣುಪಾಲಾದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿಯಿತು. ಕಳಸದ ಕಡೆ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಳು. ಹೋದ ಎಕರೆಗಳನ್ನು ಅಳೆದರು, ಬಿದ್ದ ಗೋಡೆಗಳನ್ನು ಎಣಿಸಿದರು. ಆ ರಾತ್ರಿ ತಾಯಿಯ ಸೆರಗು ಹಿಡಿದು ಕತ್ತಲಲ್ಲಿ ಓಡಿದ ಮಕ್ಕಳ ಮನಸ್ಸಿನಲ್ಲಿ ಏನು ಜರಿಯಿತೆಂದು ಅಳೆದವರಾರು?

2022ರ ಮಳೆಗಾಲದಲ್ಲಿ ಅಂತಹ ಒಂದು ಮನೆಯವರು ಹತ್ತು ವರ್ಷದ ಹುಡುಗನನ್ನು ಮಠಕ್ಕೆ ಕರೆತಂದರು. ಮಳೆ ಹಿಡಿದರೆ ಸಾಕು, ಅವನಿಗೆ ಹೊಟ್ಟೆನೋವು. ಶಾಲೆಗೆ ಹೋಗಲೊಲ್ಲ. ರಾತ್ರಿ ನಿದ್ದೆಯಿಲ್ಲ. “ಬುದ್ಧಿ, ಎರಡು ಮಾತು ಬುದ್ಧಿ ಹೇಳಿ” ಎಂದು ತಂದೆ ಕೈಮುಗಿದರು. ನಾವು ಹಣೆಗೆ ವಿಭೂತಿ ಹಚ್ಚಿ, “ಗಂಡುಮಗು ಹೆದರಬಾರದಪ್ಪ” ಎಂದು ಹೇಳಿ ಕಳುಹಿಸಿಬಿಟ್ಟೆವು. ಹದಿನೈದು ದಿನಗಳಲ್ಲಿ ಮತ್ತೆ ಬಂದರು. ಹುಡುಗ ಇನ್ನೂ ಸೊರಗಿದ್ದನು. ಈ ಸಲ ನಾವು ಏನನ್ನೂ ಹೇಳದೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದೆವು. ಕಡೆಗೆ ಅವನೇ ಬಾಯಿಬಿಟ್ಟನು: “ಬುದ್ಧಿ, ಮಳೆ ಬಂದ್ರೆ ಅಪ್ಪ ಮಲಗೋದೇ ಇಲ್ಲ, ಹೊರಗೆ ಗುಡ್ಡ ನೋಡ್ತಾ ಕೂತಿರ್ತಾರೆ. ನಾನು ಎಚ್ಚರ ಇದ್ರೆ ಅಪ್ಪ ಸ್ವಲ್ಪ ಮಲಗಬಹುದು ಅಂತ ನಾನೂ ಕೂತಿರ್ತೀನಿ.”

ಸದ್ಭಕ್ತರೇ, ಆ ಮಾತು ಕೇಳಿ ನಾವು ತಲೆತಗ್ಗಿಸಿದೆವು. ಅದು ಸೋಮಾರಿತನವೇ? ಹೇಡಿತನವೇ? ಹತ್ತು ವರ್ಷದ ಮಗು ಇಡೀ ಮನೆಯನ್ನು ಕಾಯುತ್ತಿತ್ತು. ದೀಕ್ಷೆಯಲ್ಲಿ ಗುರುವು ಶಿಷ್ಯನ ಕಿವಿಯಲ್ಲಿ ಮಂತ್ರವನ್ನು ಹೇಳುತ್ತಾನೆ. ಆದರೆ ಶಿಷ್ಯನಿಗೆ ಗುರುವು ತನ್ನ ಕಿವಿಯನ್ನೂ ಕೊಡಬೇಕೆಂಬುದನ್ನು ಆ ಮಗು ನಮಗೆ ಕಲಿಸಿತು.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಅವನನ್ನು ಕಳುಹಿಸಿದೆವು. ಅವರು ಮೊದಲು ಮಾತನಾಡಿಸಿದ್ದು ತಂದೆಯನ್ನು! ಮಗುವಿನ ಭಯವೂ ತಂದೆಯ ನಿದ್ರಾಹೀನತೆಯೂ ಒಂದೇ ಬೇರಿನವೆಂದು ತಿಳಿಸಿ ಇಬ್ಬರಿಗೂ ಉಪಚಾರ ಮಾಡಿದರು. ಮನಸ್ಸಿನ ನೋವನ್ನು ನುಡಿಯಲು ಚಿಕ್ಕ ಮಕ್ಕಳಿಗೆ ಮಾತು ಸಾಲದು. ದೇಹವೇ ಮಾತನಾಡುತ್ತದೆ ಎಂದು ಅವರು ವಿವರಿಸಿದರು. ಕಾರಣವಿಲ್ಲದ ಹೊಟ್ಟೆನೋವು, ತಲೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ತಾಯಿಯನ್ನು ಬಿಡದಿರುವುದು, ಸಿಡುಕು, ಆಟದಲ್ಲಿ ನಿರಾಸಕ್ತಿ ಇವೆಲ್ಲ ಅಂತಹ ಮಾತುಗಳು. ವಿಪತ್ತಿನ ನಂತರ ಹೆಚ್ಚಿನ ಮಕ್ಕಳು ಮನೆಯವರ ಆಸರೆಯಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಊಟ, ನಿದ್ರೆ, ಪಾಠಗಳು ದಾರಿಗೆ ಬಾರದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಸಾಯುವ ಮಾತು ಮಗುವಿನ ಬಾಯಲ್ಲಿ ಬಂದರೆ ಒಂದು ದಿನವೂ ಕಾಯಬಾರದು.

ಕಾಫಿ ಬೆಳೆಯುವ ನಿಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅರೇಬಿಕಾ ಗಿಡಕ್ಕೆ ಕಾಂಡಕೊರಕ ಹೊಕ್ಕರೆ ಮೊದಲು ಹೊರಗೇನೂ ತಿಳಿಯದು. ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಒಳಗೆ ಸುರಂಗವೇ ಆಗಿರುತ್ತದೆ. ಆದ್ದರಿಂದಲೇ ಗಿಡಗಿಡವನ್ನೂ ಮುಟ್ಟಿ ನೋಡುತ್ತೀರಿ. ನೆರಳು ತೆಳುವಾಗಿ ಬಿಸಿಲು ಬಿದ್ದ ಕಡೆ ಈ ಹುಳುವಿನ ಕಾಟ ಹೆಚ್ಚೆಂಬುದನ್ನೂ ಬಲ್ಲಿರಿ. ಹಾಗೆಂದು ನೆರಳು ದಟ್ಟವಾದರೆ ಫಸಲಿಲ್ಲ, ಮರಗಸಿ ಮಾಡಬೇಕು. ಮನೆಯೂ ಹಾಗೆಯೇ. ಬೈಗುಳ, ಹೊಡೆತ, ತಂದೆಯ ಕುಡಿತ ಇವು ಸುಡುವ ಬಿಸಿಲು. ಎಲ್ಲದಕ್ಕೂ ಅಡ್ಡ ನಿಂತು ಮಗುವನ್ನು ಹೊರಗೇ ಬಿಡದ ಮುದ್ದು ಕತ್ತಲೆ. ಹದವಾದ ನೆರಳೇ ಬೇಕು.

ಆ ನೆರಳನ್ನು ಕೊಡುವುದು ಹೇಗೆ? ಹೊತ್ತಿಗೆ ಸರಿಯಾಗಿ ಊಟ, ನಿದ್ರೆ, ಶಾಲೆ, ಆಟಗಳು ನಡೆಯಲಿ. ಕ್ರಮವೇ ಮಕ್ಕಳಿಗೆ ಧೈರ್ಯ. ಇಷ್ಟಲಿಂಗ ಪೂಜೆಯ ಬಳಿಕ ಕಾಲು ಗಂಟೆಯಾದರೂ ಮಗುವಿನ ಮಾತಿಗೆ ಮೀಸಲಿಡಿ. ‘ಹೆದರಬೇಡ’ ಎನ್ನುವ ಮೊದಲು ‘ಏನಾಗುತ್ತದೆ, ಹೇಳು ಮಗು’ ಎನ್ನಿ. ತಂದೆತಾಯಿಗಳು ತಮ್ಮ ಮನಸ್ಸಿನ ಚಿಕಿತ್ಸೆಗೆ ನಾಚಬಾರದು. ಅವರು ನಿದ್ರಿಸಿದರೆ ಮಗುವೂ ನಿದ್ರಿಸುತ್ತದೆ. ತೋಟದ ಯಜಮಾನರಿಗೆ ಒಂದು ಮಾತು: ಲೈನ್ ಮನೆಯ ಮಕ್ಕಳಿಗೂ ಮನಸ್ಸಿದೆ. ಕೊಯ್ಲಿನ ಕಾಲವೇ ಆಗಿರಲಿ, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ತಾಯಿಯ ಆ ದಿನದ ಕೂಲಿಯನ್ನು ಹಿಡಿಯಬೇಡಿ. ಅದೂ ದಾಸೋಹವೇ.

ಮನೋವೈದ್ಯವು ಪಟ್ಟಣದವರ ಸೊತ್ತಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಗಾಡಿನ ವೈದ್ಯರಿಗೇ ತರಬೇತಿ ಕೊಟ್ಟು ಈ ಚಿಕಿತ್ಸೆಯನ್ನು ಜನರ ಬಳಿಗೆ ಒಯ್ದರು. 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಮ್ಮ ಬಳ್ಳಾರಿಯೇ ಮಾದರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ದೂರವಾಣಿ 14416. ಹಗಲಿರುಳು ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಇವೆರಡನ್ನೂ ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಿ.

ಮಠಕ್ಕೆ ಬನ್ನಿ, ವಿಭೂತಿಯನ್ನು ಪಡೆಯಿರಿ. ಅದು ಮನಸ್ಸಿಗೆ ಬಲ. ಆದರೆ ವಿಭೂತಿಯನ್ನು ಕೊಡುವ ಕೈಯೇ ಆಸ್ಪತ್ರೆಯ ದಾರಿಯನ್ನೂ ತೋರಿಸುತ್ತದೆ, ಎರಡಕ್ಕೂ ವಿರೋಧವಿಲ್ಲ. ಆ ಹುಡುಗ ಈಗ ಮಳೆಯಲ್ಲಿಯೂ ಶಾಲೆಗೆ ಹೋಗುತ್ತಾನೆ. ದೊಡ್ಡ ಮಳೆ ಬಂದ ರಾತ್ರಿ ಈಗಲೂ ಎಚ್ಚರವಾಗುವುದಂತೆ. ಆಗ ತಂದೆ ಪಕ್ಕದಲ್ಲಿ ಮಲಗಿರುವುದನ್ನು ನೋಡಿ ತಾನೂ ಮಲಗುತ್ತಾನಂತೆ. ನಿಮ್ಮೆಲ್ಲರ ಮನೆಯ ಮಕ್ಕಳಿಗೂ ಅಂತಹ ನಿಶ್ಚಿಂತ ನಿದ್ರೆ ಲಭಿಸಲೆಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.